‘ಚ’, ‘ಕೀ’, ‘ಕತೆ’: ನಮ್ಮ ಮಾತಿನ ಕಿರುಪದಗಳ ಚರಿತ್ರೆ



ಚರಿತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೋಟೆಗಳು, ಗುಮ್ಮಟಗಳು, ಯುದ್ಧಗಳು, ಸುಲ್ತಾನರ ವಂಶಾವಳಿಗಳು. ಈ ಸಂಚಿಕೆಗೆ ಒಂದು ಚಾರಿತ್ರಿಕ ಲೇಖನ ಬೇಕೆಂದು ಕೇಳಿದಾಗ ನಾನೂ ಮೊದಲು ಗೋಲಗುಮ್ಮಟದ ಬಗ್ಗೆಯೇ ಬರೆಯಬೇಕೆಂದಿದ್ದೆ. ಆದರೆ ನನ್ನ ತರಗತಿಯಲ್ಲಿ ನಡೆದ ಒಂದು ಚಿಕ್ಕ ಘಟನೆ ಮನಸ್ಸಿನಿಂದ ಹೋಗುತ್ತಿಲ್ಲ. ಅದರಿಂದಲೇ ಆರಂಭಿಸುತ್ತೇನೆ.

ನಾನು ಏಳನೇ ತರಗತಿಗೆ ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುತ್ತೇನೆ. ಒಂದು ದಿನ ಊಟದ ಬಿಡುವಿನ ನಂತರ ಬಂದು ನೋಡಿದರೆ ಕಿಟಕಿಯ ಗಾಜು ಒಡೆದಿತ್ತು. ಮುಂದಿನ ಬೆಂಚಿನ ಹುಡುಗನನ್ನು ಕೇಳಿದೆ. ಅವನು ತನ್ನ ಸಹಪಾಠಿಯೊಬ್ಬನನ್ನು ತೋರಿಸಿ, ಮನೆಮಾತಿನಲ್ಲಿ ‘ಉನೇ ತೋಡ್ಯಾ ಕತೆ’ ಎಂದ. ನಾನು ಪುಸ್ತಕದಲ್ಲಿ ಶುದ್ಧ ಉರ್ದುವಿನಲ್ಲಿ ‘ಉಸ್ ನೇ ತೋಡಾ’ ಎಂದು ಬರೆದುಕೊಂಡೆ. ಆ ಸಹಪಾಠಿಯ ತಂದೆಯನ್ನು ಕರೆಸಲಾಯಿತು. ಹಮಾಲಿ ಕೆಲಸ ಮಾಡುವ ಮನುಷ್ಯ, ಆ ದಿನದ ಕೂಲಿ ಬಿಟ್ಟು ಬಂದು, ಏನೂ ವಾದ ಮಾಡದೆ ಗಾಜಿನ ಹಣ ಕೊಟ್ಟು ಹೋದರು. ಮೂರು ದಿನದ ಮೇಲೆ ನಿಜ ತಿಳಿಯಿತು. ಗಾಜು ಒಡೆದದ್ದು ಬೀದಿಯಲ್ಲಿ ಆಡುತ್ತಿದ್ದ ಹುಡುಗರ ಚೆಂಡಿನಿಂದ. ಸಾಕ್ಷಿ ಹೇಳಿದವನನ್ನು ನಿಲ್ಲಿಸಿ ‘ಏಕೆ ಸುಳ್ಳು ಹೇಳಿದೆ?’ ಎಂದು ಗದರಿಸಿದೆ. ಅವನು ಅಳುತ್ತ ಹೇಳಿದ: ‘ಮೈ ಕತೆ ಬೋಲ್ಯಾ ನಾ, ಟೀಚರ್!’

ಹುಡುಗ ಹೇಳಿದ್ದು ಸರಿಯಾಗಿತ್ತು. ಅವನು ‘ಒಡೆದ’ ಎಂದಿರಲಿಲ್ಲ, ‘ಒಡೆದನಂತೆ’ ಎಂದಿದ್ದ. ‘ಕತೆ’ ಎಂಬ ಎರಡಕ್ಷರವನ್ನು ಅಶುದ್ಧವೆಂದು ನಾನು ಬಿಟ್ಟುಬಿಟ್ಟಿದ್ದೆ. ಹಾಗೆ ಬಿಟ್ಟದ್ದರಿಂದ ಕೇಳಿದ ಸುದ್ದಿ ಕಂಡ ಸಾಕ್ಷಿಯಾಯಿತು. ಹಣವನ್ನು ಹಿಂದಿರುಗಿಸಿದೆವು. ಆ ದಿನದ ಕೂಲಿಯನ್ನು ಹಿಂದಿರುಗಿಸಲು ಆಗಲಿಲ್ಲ.

ಇಂತಹ ಕಿರುಪದಗಳು ಎಲ್ಲಾ ಭಾಷೆಗಳಲ್ಲೂ ಇವೆ. ಇವು ಯಾವ ವಸ್ತುವಿನ ಹೆಸರೂ ಅಲ್ಲ, ಯಾವ ಕೆಲಸವನ್ನೂ ಸೂಚಿಸುವುದಿಲ್ಲ. ಆಡಿದ ಮಾತಿನ ಬಗ್ಗೆ ಆಡಿದವನ ನಿಲುವು ಏನು ಎಂಬುದನ್ನು ತಿಳಿಸುತ್ತವೆ. ಕನ್ನಡದ ಉದಾಹರಣೆ ನೋಡಿ. ‘ರಹೀಮ ಬಂದ’ ಎಂಬುದು ಒಂದು ಸುದ್ದಿ. ‘ರಹೀಮನೇ ಬಂದ’ ಎಂದರೆ ಬೇರೆ ಯಾರೂ ಅಲ್ಲ. ‘ರಹೀಮನೂ ಬಂದ’ ಎಂದರೆ ಇತರರ ಜೊತೆಗೆ. ‘ಬಂದನೋ ಏನೋ’ ಎಂದರೆ ನನಗೆ ಖಚಿತವಿಲ್ಲ. ‘ಬಂದನಲ್ಲ!’ ಎಂದರೆ ನಾನು ನಿರೀಕ್ಷಿಸಿರಲಿಲ್ಲ, ಅಥವಾ ನಿನಗೆ ಗೊತ್ತಿದ್ದೂ ಮರೆತಿದ್ದೀಯೆ. ‘ಬಂದನಂತೆ’ ಎಂದರೆ ನಾನು ನೋಡಿಲ್ಲ, ಯಾರೋ ಹೇಳಿದರು. ನಡೆದ ಘಟನೆ ಒಂದೇ, ರಹೀಮನು ಬಂದದ್ದು. ಆದರೆ ಹೇಳುವವನು ನಿಂತಿರುವ ಜಾಗ ಪ್ರತಿ ವಾಕ್ಯದಲ್ಲೂ ಬೇರೆ.

ಹಿಂದಿನ ವ್ಯಾಕರಣಕಾರರಿಗೆ ಇವುಗಳ ಬೆಲೆ ಗೊತ್ತಿತ್ತು. ಎಂಟನೇ ಶತಮಾನದಲ್ಲಿ ಬಸ್ರಾದಲ್ಲಿದ್ದ ಸೀಬವೈಹಿ, ಹುಟ್ಟಿನಿಂದ ಪಾರಸಿಯವನು, ಅರಬ್ಬೀ ವ್ಯಾಕರಣ ಬರೆಯುವಾಗ ಪದಗಳನ್ನು ಮೂರು ಮಾಡಿದ: ಇಸ್ಮ್, ಫೇಲ್, ಹರ್ಫ್. ನಾಮಪದವೂ ಅಲ್ಲದ, ಕ್ರಿಯಾಪದವೂ ಅಲ್ಲದ, ಆದರೂ ಒಂದು ಅರ್ಥಕ್ಕಾಗಿ ಬರುವ ಪದವೇ ಹರ್ಫ್. ಇಂದಿಗೂ ಉರ್ದು ತರಗತಿಯಲ್ಲಿ ‘ಹೀ’, ‘ಭೀ’, ‘ತೋ’ ಇವುಗಳನ್ನು ಹರ್ಫ್‌ಗಳೆಂದೇ ಕಲಿಸುತ್ತೇವೆ. ಆ ಶಬ್ದದ ಮೂಲ ಅರ್ಥ ‘ಅಂಚು’. ಕನ್ನಡದಲ್ಲಿ 13ನೇ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದ ಎಂಟು ಪ್ರಕರಣಗಳಲ್ಲಿ ಕೊನೆಯದನ್ನು ಅವ್ಯಯಕ್ಕೆ ಮೀಸಲಿಟ್ಟ. ಅವಧಾರಣೆಯ ‘ಏ’ಕಾರವನ್ನು ವಿದ್ಯಾರ್ಥಿಗಳು ಇಂದಿಗೂ ಅವ್ಯಯದ ಪಾಠದಲ್ಲೇ ಓದುತ್ತಾರೆ. ನಾನು ಮಾತ್ರ ಎರಡೂ ಪಾಠಗಳನ್ನು ಒಂದೇ ದಿನ ಮಾಡಿಯೂ ಅವೆರಡರ ನಡುವೆ ನಮ್ಮ ಮನೆಮಾತು ನಿಂತಿದೆ ಎಂಬುದನ್ನು ಕಾಣದೆ ಹೋದೆ.

ನಮ್ಮ ಮನೆಮಾತು ಎಂದರೆ ದಖನಿ. ಅದು ಇಲ್ಲಿಗೆ ಬಂದದ್ದು ಹೇಗೆ ಎಂಬುದನ್ನು ಸಂಕ್ಷಿಪ್ತವಾಗಿ ನೆನಪಿಸಿಕೊಳ್ಳೋಣ. 1327ರಲ್ಲಿ ಸುಲ್ತಾನ್ ಮುಹಮ್ಮದ್ ಬಿನ್ ತುಘಲಕ್ ಯಾದವರ ಹಳೆಯ ರಾಜಧಾನಿ ದೇವಗಿರಿಯನ್ನು ದೌಲತಾಬಾದ್ ಎಂದು ಕರೆದು, ದೆಹಲಿಯ ಜನರನ್ನು ಅಲ್ಲಿಗೆ ಕಳುಹಿಸಿದ. ಸೈನಿಕರು, ಗುಮಾಸ್ತರು, ಸೂಫಿಗಳು, ಕುಶಲಕರ್ಮಿಗಳು ತಂದದ್ದು ಇಂದಿನ ಉರ್ದುವನ್ನಲ್ಲ. ದೆಹಲಿ, ಹರಿಯಾಣ, ಪಂಜಾಬ್ ಕಡೆಯ ಆಡುಮಾತನ್ನು ತಂದರು. ನಾವು ‘ಬೋಲಾ’ ಎನ್ನದೆ ‘ಬೋಲ್ಯಾ’ ಎನ್ನುವುದನ್ನು ಅನೇಕರು ಕೆಟ್ಟ ಉಚ್ಚಾರಣೆ ಎಂದು ತಿಳಿದಿದ್ದಾರೆ. ಹರಿಯಾಣದ ಹಳ್ಳಿಗಳಲ್ಲಿ ಇಂದಿಗೂ ‘ಬೋಲ್ಯಾ’ ಎಂದೇ ಹೇಳುತ್ತಾರೆ. ಅದು ಕೆಟ್ಟದ್ದಲ್ಲ, ಹಳೆಯದು.

ಸುಲ್ತಾನನ ಯೋಜನೆ ವಿಫಲವಾಯಿತು, ಆದರೆ ಬಂದವರಲ್ಲಿ ಬಹಳಷ್ಟು ಜನ ಇಲ್ಲೇ ನಿಂತರು. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಯಿತು. ರಾಜಧಾನಿ ಮರಾಠಿ ನಾಡಿನ ದೌಲತಾಬಾದಿನಿಂದ ಕನ್ನಡ ನಾಡಿನ ಗುಲ್ಬರ್ಗಾಕ್ಕೆ, ಅಂದರೆ ಇಂದಿನ ಕಲಬುರಗಿಗೆ, ನಂತರ 15ನೇ ಶತಮಾನದಲ್ಲಿ ಕನ್ನಡ, ಮರಾಠಿ, ತೆಲುಗು ಮೂರೂ ಕೂಡುವ ಬೀದರಿಗೆ ಬಂದಿತು. ದಖನಿಯ ಅತಿ ಹಳೆಯ ದೀರ್ಘ ಕಾವ್ಯವೆಂದು ಹೆಸರಾದ ನಿಜಾಮಿಯ ‘ಕದಮ್ ರಾವ್ ಪದಮ್ ರಾವ್’ ಹುಟ್ಟಿದ್ದು ಬಹಮನಿಗಳ ಆ ಕಾಲದಲ್ಲೇ. ಅದರ ಒಂದೇ ಒಂದು ಅಪೂರ್ಣ ಹಸ್ತಪ್ರತಿ ಉಳಿದಿತ್ತು. ಜಮೀಲ್ ಜಾಲಿಬಿ ಅದನ್ನು ಓದಿ 1973ರಲ್ಲಿ ಕರಾಚಿಯಿಂದ ಪ್ರಕಟಿಸಿದರು. ಆಮೇಲೆ ಬಿಜಾಪುರದಲ್ಲಿ ಬುರ್ಹಾನುದ್ದೀನ್ ಜಾನಮ್ 1582ರಲ್ಲಿ ‘ಇರ್ಶಾದ್‌ನಾಮಾ’ ಬರೆದರು. ಗೋಲ್ಕೊಂಡದಲ್ಲಿ ಮುಲ್ಲಾ ವಜ್ಹಿ 1635ರಲ್ಲಿ ‘ಸಬ್‌ರಸ್’ ಎಂಬ ಗದ್ಯಗ್ರಂಥ ಬರೆದ. ರಾಜರ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತೇನೆ, ಏಕೆಂದರೆ ನನ್ನ ವಿಷಯ ಅರಮನೆಯದ್ದಲ್ಲ, ಅಂಗಳದ್ದು.

ಈಗ ‘ಚ’ ಎಂಬ ಒಂದೇ ಅಕ್ಷರವನ್ನು ಎತ್ತಿಕೊಳ್ಳಿ. ‘ಮೈಂಚ್ ಬೋಲ್ಯಾ’ (ನಾನೇ ಹೇಳಿದೆ), ‘ಐಸಾಚ್’ (ಹೀಗೆಯೇ), ‘ಅಭೀಚ್’ (ಈಗಲೇ). ದಖನಿ ಮಾತನಾಡುವ ಮನೆಯಲ್ಲಿ ದಿನಕ್ಕೆ ನೂರು ಸಲ ಕೇಳುವ ಈ ‘ಚ’ ದೆಹಲಿ, ಲಖನೌ ಉರ್ದುವಿನಲ್ಲಿ ಇಲ್ಲ. ಅಲ್ಲಿ ಇದರ ಕೆಲಸವನ್ನು ‘ಹೀ’ ಮಾಡುತ್ತದೆ. ನಮಗೆ ಇದು ಬಂದದ್ದು ಮರಾಠಿಯಿಂದ. ಮರಾಠಿಗರು ‘ಮೀಚ್’, ‘ತಸಾಚ್’ ಎನ್ನುವುದನ್ನು ನೀವು ಕೇಳಿರುತ್ತೀರಿ. ಮರಾಠಿಗೆ ಎಲ್ಲಿಂದ? 12ನೇ ಶತಮಾನದ ಜೈನ ವಿದ್ವಾಂಸ ಹೇಮಚಂದ್ರ ತನ್ನ ಪ್ರಾಕೃತ ವ್ಯಾಕರಣದಲ್ಲಿ ಅವಧಾರಣೆಯ ಅರ್ಥ ಕೊಡುವ ಪದಗಳನ್ನು ಪಟ್ಟಿ ಮಾಡುವಾಗ ‘ಚೇಅ’, ‘ಚಿಅ’, ‘ಚ್ಚ’ ಎಂಬ ರೂಪಗಳನ್ನು ಕೊಡುತ್ತಾನೆ. ಹಾಗಾದರೆ ಮಕ್ಕಳ ಉತ್ತರಪತ್ರಿಕೆಯಲ್ಲಿ ಕೆಂಪು ಶಾಯಿಯಿಂದ ನಾನು ಹೊಡೆದುಹಾಕುತ್ತಿದ್ದ ಅಕ್ಷರ ಎಷ್ಟು ಹಳೆಯದೆಂದು ಲೆಕ್ಕ ಹಾಕಿ. ‘ಸಬ್‌ರಸ್’ನಂತಹ ಗ್ರಂಥಗಳಲ್ಲೂ ಈ ‘ಚ’ ರಾಜಾರೋಷವಾಗಿ ಇದೆ. ಆಸ್ಥಾನದ ಗದ್ಯಕಾರನಿಗೆ ಅದನ್ನು ಬರೆಯಲು ಸಂಕೋಚವಾಗಲಿಲ್ಲ.

ಇಲ್ಲಿ ಒಂದು ಸ್ವಾರಸ್ಯ ಇದೆ. ‘ಅಭೀ’ ಎಂಬ ಪದವೇ ‘ಅಬ್’ ಮತ್ತು ‘ಹೀ’ ಸೇರಿ ಆದದ್ದು. ಅಂದರೆ ಅದರಲ್ಲಿ ಆಗಲೇ ಒಂದು ‘ಏ’ ಇದೆ. ಕಾಲ ಕಳೆದಂತೆ ಆ ‘ಹೀ’ಯ ಒತ್ತು ಸವೆದು ‘ಅಭೀ’ ಎಂದರೆ ಬರೀ ‘ಈಗ’ ಎಂಬಷ್ಟಕ್ಕೆ ಇಳಿಯಿತು. ಆಗ ನಮ್ಮವರು ಅದರ ಮೇಲೆ ಮರಾಠಿಯ ‘ಚ’ ಇಟ್ಟರು. ಸವೆದ ಚಪ್ಪಲಿಗೆ ಹೊಸ ಅಟ್ಟೆ ಹೊಡೆದ ಹಾಗೆ. ಕಿರುಪದಗಳು ಎಲ್ಲಾ ಭಾಷೆಗಳಲ್ಲೂ ಹೀಗೆ ಸವೆಯುತ್ತವೆ, ಪದರ ಪದರವಾಗಿ ಕೂಡುತ್ತವೆ.

‘ನಕ್ಕೋ’ ಕೂಡ ಮರಾಠಿಯ ‘ನಕೋ’. ಗೋಲ್ಕೊಂಡದ ಸುಲ್ತಾನ ಮುಹಮ್ಮದ್ ಕುಲಿ ಕುತುಬ್ ಷಾನ ಕಾವ್ಯದಲ್ಲೂ ಆ ಪದವಿದೆ. ಕನ್ನಡದ ‘ಬೇಡ’ ಮಾಡುವ ಕೆಲಸವನ್ನೆಲ್ಲ ಅದು ಮಾಡುತ್ತದೆ. ‘ಚಾಯ್ ನಕ್ಕೋ’, ‘ಜಾಓ ನಕ್ಕೋ’. ಬೇರೆ ಊರಿನವರು ದಖನಿಯನ್ನು ಗೇಲಿ ಮಾಡಬೇಕೆಂದರೆ ಮೊದಲು ಹಿಡಿಯುವುದು ಈ ಪದವನ್ನೇ. 1965ರ ‘ಗುಮ್ನಾಮ್’ ಚಿತ್ರದಲ್ಲಿ ಮೆಹಮೂದ್ ಹೈದರಾಬಾದಿ ಮಾತನಾಡಿ ದೇಶವನ್ನೆಲ್ಲ ನಗಿಸಿದರು. ನಾವೂ ನಕ್ಕೆವು. ಆದರೆ ಅಂದಿನಿಂದ ನಮ್ಮ ಮಾತು ಎಂದರೆ ನಗೆಯ ಮಾತು ಎಂಬಂತಾಯಿತು.

ಮರಾಠಿಯಿಂದ ಅಕ್ಷರವನ್ನೇ ಎತ್ತಿಕೊಂಡೆವು. ಕನ್ನಡ, ತೆಲುಗುಗಳ ಜೊತೆಗಿನ ವ್ಯವಹಾರ ಇದಕ್ಕಿಂತ ಸೂಕ್ಷ್ಮವಾದದ್ದು. ಅಲ್ಲಿ ಪದ ನಮ್ಮದೇ, ಅದು ಮಾಡುವ ಕೆಲಸ ನೆರೆಹೊರೆಯದ್ದು. ‘ಕತೆ’ಯನ್ನೇ ನೋಡಿ. ಕೇಳಲು ಕನ್ನಡದ ಕತೆಯಂತೆಯೇ ಇದ್ದರೂ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಉರ್ದುವಿನ ‘ಕಹತೇ’, ಅಂದರೆ ‘ಹೇಳುತ್ತಾರೆ’ ಎಂಬ ಕ್ರಿಯಾಪದ ಸವೆದು ‘ಕತೆ’ ಆಗಿದೆ. ಶಿಷ್ಟ ಉರ್ದುವಿನಲ್ಲಿ ‘ಕಹತೇ ಹೈಂ ಕಿ’ ಎಂದು ವಾಕ್ಯದ ಮೊದಲಿಗೆ ಹೇಳಬೇಕು. ನಾವು ಅದನ್ನು ತೆಗೆದು ವಾಕ್ಯದ ಕೊನೆಗೆ ಇಟ್ಟೆವು, ‘ಅಂತೆ’ ಕೂರುವ ಜಾಗದಲ್ಲೇ. ಕನ್ನಡದ ‘ಅಂತೆ’ ಹುಟ್ಟಿದ್ದು ‘ಎನ್’ ಧಾತುವಿನಿಂದ. ತೆಲುಗಿನಲ್ಲಿ ‘ಅಟ’. ಮರಾಠಿಯಲ್ಲಿ ‘ಮ್ಹಣೇ’, ಅದೂ ‘ಹೇಳು’ ಎಂಬ ಅರ್ಥದ ಧಾತುವಿನದೇ. ನಾಲ್ಕು ಭಾಷೆಗಳು, ನಾಲ್ಕು ಬೇರೆ ಪದಗಳು, ಒಂದೇ ಅಭ್ಯಾಸ: ಕಂಡದ್ದನ್ನು ಒಂದು ರೀತಿ ಹೇಳು, ಕೇಳಿದ್ದನ್ನು ಇನ್ನೊಂದು ರೀತಿ ಹೇಳು. ದೆಹಲಿಯವನಿಗೆ ಈ ಭೇದ ಗೊತ್ತಿಲ್ಲವೆಂದಲ್ಲ. ಆದರೆ ಪ್ರತಿ ಸಲ ಅದನ್ನು ಹೇಳಲೇಬೇಕೆಂಬ ಒತ್ತಾಯ ಅವನ ವಾಕ್ಯಕ್ಕಿಲ್ಲ. ನಮ್ಮ ಹಳ್ಳಿಯ ಹುಡುಗನ ವಾಕ್ಯಕ್ಕೆ ಇದೆ.

ಹಾಗೆಯೇ ‘ಬೋಲ್‌ಕೆ’. ‘ಬುಖಾರ್ ಹೈ ಬೋಲ್‌ಕೆ ನೈ ಆಯಾ’ ಎಂದು ಮಗು ಹೇಳಿದರೆ ಶಿಷ್ಟ ಉರ್ದು ಬಲ್ಲವರು ‘ಯಾರು ಬೋಲ್ಯಾ?’ ಎಂದು ಕೇಳಿ ನಗುತ್ತಾರೆ. ‘ಜ್ವರ ಅಂತ ಬರಲಿಲ್ಲ’ ಎಂಬ ಕನ್ನಡ ವಾಕ್ಯವನ್ನು ಪಕ್ಕದಲ್ಲಿಟ್ಟರೆ ನಗು ನಿಲ್ಲುತ್ತದೆ. ಕನ್ನಡದಲ್ಲೂ ಯಾರೂ ಏನೂ ‘ಅಂದಿಲ್ಲ’, ಆದರೂ ‘ಅಂತ’ ಇದೆ, ಕಾರಣ ಕೊಡುತ್ತಿದೆ. ಇನ್ನು ‘ಕೀ’. ‘ಕೌನ್‌ಕೀ’ ಎಂದರೆ ಯಾರೋ, ‘ಕಾಂಕೀ’ ಎಂದರೆ ಎಲ್ಲೋ, ‘ಆತಾಕೀ ನೈಕೀ’ ಎಂದರೆ ಬರುತ್ತಾನೋ ಇಲ್ಲವೋ. ‘ಕ್ಯಾಕೀ’ ಎಂಬ ಒಂದೇ ಪದದಲ್ಲಿ ‘ಏನೋಪ್ಪಾ, ನನಗೇನು ಗೊತ್ತು’ ಎಂಬ ಸಂಪೂರ್ಣ ವಾಕ್ಯವಿದೆ. ನನ್ನ ನಾನಿ ತಾನು ಉತ್ತರ ಕೊಡಲು ಇಷ್ಟಪಡದ ಎಲ್ಲಾ ಪ್ರಶ್ನೆಗಳಿಗೂ ಈ ಒಂದೇ ಪದದಿಂದ ಉತ್ತರ ಕೊಡುತ್ತಿದ್ದರು.

ಓದುಗರೇ, ಇದರಲ್ಲಿ ಚರಿತ್ರೆಯ ಒಂದು ಮುಖ್ಯ ಸಾಕ್ಷ್ಯ ಅಡಗಿದೆ ಎಂದು ನನ್ನ ಅಭಿಪ್ರಾಯ. ಕುರ್ಚಿ, ಅರ್ಜಿ, ಜಮೀನು, ತಹಸೀಲ್ದಾರ ಮುಂತಾದ ಪದಗಳು ಕನ್ನಡಕ್ಕೆ ಬಂದವು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಇಂತಹ ನಾಮಪದಗಳು ಕಚೇರಿಯಿಂದ, ಅಂಗಡಿಯಿಂದ ಬರುತ್ತವೆ. ಒಬ್ಬರ ಮನೆಯೊಳಗೆ ಇನ್ನೊಬ್ಬರು ಕಾಲಿಡದಿದ್ದರೂ ಬರುತ್ತವೆ. ಅನುಮಾನ, ಒತ್ತು, ಕೇಳಿದ ಮಾತು, ನಯವಾದ ನಿರಾಕರಣೆ ಇವುಗಳ ಕಿರುಪದಗಳು ಹಾಗೆ ಬರುವುದಿಲ್ಲ. ಅವು ಬರಬೇಕಾದರೆ ಮಕ್ಕಳು ಒಟ್ಟಿಗೆ ಆಡಿರಬೇಕು, ಹೆಂಗಸರು ಒಂದೇ ಬಾವಿಯ ಕಟ್ಟೆಯ ಮೇಲೆ ಕುಳಿತು ಊರ ಸುದ್ದಿ ಹಂಚಿಕೊಂಡಿರಬೇಕು, ಒಕ್ಕಲಿಗನೂ ನೇಕಾರನೂ ಸಂತೆಯಲ್ಲಿ ಚೌಕಾಸಿ ಮಾಡಿರಬೇಕು. ಅದೂ ಒಂದೆರಡು ವರ್ಷವಲ್ಲ, ತಲೆಮಾರುಗಟ್ಟಲೆ.

ಇದು ಬರೀ ನನ್ನ ಊಹೆಯಲ್ಲ. ನಮ್ಮ ಗಡಿಯಾಚೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಕುಪ್ವಾಡ ಎಂಬ ಊರಿದೆ. ಅಲ್ಲಿ ಜೈನರು ಮತ್ತು ಲಿಂಗಾಯತರು ಕನ್ನಡ, ಮುಸ್ಲಿಮರು ಉರ್ದು, ಇನ್ನು ಕೆಲವರು ಮರಾಠಿ ಮಾತನಾಡುತ್ತ ಶತಮಾನಗಳಿಂದ ಒಟ್ಟಿಗೆ ಬಾಳಿದ್ದಾರೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಭಾಷಾವಿಜ್ಞಾನಿಗಳು ಆ ಊರಿನ ಮಾತನ್ನು ಅಭ್ಯಾಸ ಮಾಡಿ 1971ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರು ಕಂಡದ್ದು ಇದು: ಪ್ರತಿಯೊಬ್ಬರೂ ಮನೆಯಲ್ಲಿ ತಮ್ಮ ತಮ್ಮ ಭಾಷೆಯನ್ನು ಬಿಟ್ಟುಕೊಟ್ಟಿಲ್ಲ, ಪದಗಳು ಬೇರೆ ಬೇರೆಯಾಗಿಯೇ ಉಳಿದಿವೆ. ಆದರೆ ಮೂರೂ ಭಾಷೆಗಳ ವಾಕ್ಯರಚನೆ ಎಷ್ಟು ಹತ್ತಿರ ಬಂದಿದೆಯೆಂದರೆ ಒಂದರಿಂದ ಇನ್ನೊಂದಕ್ಕೆ ಪದಕ್ಕೆ ಪದ ಇಟ್ಟು ಅನುವಾದಿಸಬಹುದು. ಭಾಷಾವಿಜ್ಞಾನದ ವಿದ್ಯಾರ್ಥಿಗಳು ಜಗತ್ತಿನಾದ್ಯಂತ ಈ ಊರಿನ ಹೆಸರನ್ನು ಓದುತ್ತಾರೆ. ನಾನು ಬಿ.ಎಡ್. ಓದುವಾಗ ನನಗೆ ಯಾರೂ ಹೇಳಲಿಲ್ಲ. ಅಭ್ಯಾಸ ಪಾಠದಲ್ಲಿ ‘ಐಸಾಚ್’ ಎಂದದ್ದಕ್ಕೆ ನನ್ನ ಅಂಕ ಕಳೆದದ್ದು ಮಾತ್ರ ನೆನಪಿದೆ.

ಕೊಟ್ಟು ತೆಗೆದುಕೊಳ್ಳುವುದು ಎರಡೂ ಕಡೆಯಿಂದ ನಡೆಯಿತು. ಉತ್ತರ ಕರ್ನಾಟಕದ ಕನ್ನಡದಲ್ಲಿ ‘ಜರಾ’ ಇಲ್ಲದೆ ವಿನಯವೇ ಇಲ್ಲ. ‘ಜರಾ ನೀರ ಕೊಡ್ರಿ’, ‘ಜರಾ ಇತ್ತ ಸರೀರಿ’. ಇಲ್ಲಿ ‘ಜರಾ’ ಎಂದರೆ ಸ್ವಲ್ಪ ನೀರು ಎಂದಲ್ಲ, ಕೇಳುವವನ ಧ್ವನಿಯನ್ನು ಸ್ವಲ್ಪ ತಗ್ಗಿಸುವುದು. ಅದರ ಮೂಲ ಅರಬ್ಬಿಯ ‘ಜರ್ರಾ’, ಧೂಳಿನ ಕಣ.

ಹಾಗಾದರೆ ನಮ್ಮ ‘ಚ’ಕ್ಕೂ ‘ಕತೆ’ಗೂ ಅವಮಾನ ಬಂದದ್ದು ಯಾವಾಗ? 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಮೊಗಲರ ವಶವಾದವು. ದಖನಿಗೆ ಆಸ್ಥಾನವಿಲ್ಲದಂತಾಯಿತು. 1700ರಲ್ಲಿ ದಖನಿನ ಕವಿ ವಲಿ ದೆಹಲಿಗೆ ಹೋದ. ನಂತರ 1720ರ ಸುಮಾರಿಗೆ ಅವನ ದೀವಾನ್ ಅಲ್ಲಿ ತಲುಪಿದಾಗ ಪಾರಸಿಯಲ್ಲಿ ಬರೆಯುತ್ತಿದ್ದ ದೆಹಲಿಯ ಕವಿಗಳು ಬೆರಗಾಗಿ, ತಮ್ಮ ಆಡುಮಾತಿನಲ್ಲೂ ಗಜಲ್ ಬರೆಯಬಹುದೆಂದು ಕಂಡುಕೊಂಡರು. ದೆಹಲಿಗೆ ದಾರಿ ತೋರಿಸಿದ್ದು ದಖನ್. ಆದರೆ ಎರಡು ತಲೆಮಾರು ಕಳೆಯುವಷ್ಟರಲ್ಲಿ ಶಿಷ್ಯನೇ ಗುರುವಿನ ಉಚ್ಚಾರ ತಿದ್ದಲು ಆರಂಭಿಸಿದ. ದೆಹಲಿಯ, ಆಮೇಲೆ ಲಖನೌದ ಮಾತೇ ಪ್ರಮಾಣವಾಯಿತು. 1808ರಲ್ಲಿ ಇನ್ಶಾ ಅಲ್ಲಾ ಖಾನ್ ‘ದರಿಯಾ-ಎ-ಲತಾಫತ್’ ಎಂಬ ಉರ್ದು ವ್ಯಾಕರಣವನ್ನು ಪಾರಸಿಯಲ್ಲಿ ಬರೆದಾಗ ದೆಹಲಿಯಲ್ಲೂ ಎಲ್ಲರ ಮಾತನ್ನು ಒಪ್ಪಲಿಲ್ಲ, ಕೆಲವು ಮೊಹಲ್ಲಾಗಳ ಮಾತನ್ನು ಮಾತ್ರ ಒಪ್ಪಿದ. ಅದೇ ಇನ್ಶಾ ಅದೇ ಗ್ರಂಥದಲ್ಲಿ ಇನ್ನೊಂದು ದೊಡ್ಡ ಮಾತನ್ನೂ ಹೇಳಿದ್ದಾನೆ. ಯಾವ ಭಾಷೆಯ ಪದವಾದರೂ ಉರ್ದುವಿನಲ್ಲಿ ಬಳಕೆಗೆ ಬಂದ ಮೇಲೆ ಅದು ಉರ್ದುವಿನ ಪದ, ಉರ್ದುವಿನಲ್ಲಿ ಬಳಸಿದಂತೆಯೇ ಅದು ಸರಿ ಎಂದು ಅದರ ತಾತ್ಪರ್ಯ. ನಮ್ಮ ಶಾಲೆಗಳು ಮೊದಲನೆಯದನ್ನು ಕಲಿತು ಎರಡನೆಯದನ್ನು ಮರೆತವು.

ಹೈದರಾಬಾದ್ ಸಂಸ್ಥಾನದಲ್ಲಿ ಉರ್ದು ಆಡಳಿತ ಭಾಷೆಯಾಗಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲೇ ಪಾಠ ಹೇಳಿತು. ಆದರೆ ಅಲ್ಲಿಯ ಉರ್ದು ಉತ್ತರದ ಶಿಷ್ಟ ಉರ್ದು. ಮಾತು ಮನೆಯಲ್ಲಿ ಒಂದು, ಪುಸ್ತಕದಲ್ಲಿ ಇನ್ನೊಂದು ಎಂಬುದು ಅಲ್ಲಿ ಗಟ್ಟಿಯಾಯಿತು. ಅಲ್ಲಿಯೇ ಅದಕ್ಕೆ ಪ್ರತಿಯಾಗಿಯೂ ಕೆಲಸ ನಡೆಯಿತು ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಮೌಲ್ವಿ ಅಬ್ದುಲ್ ಹಕ್ 1932ರಲ್ಲಿ ‘ಸಬ್‌ರಸ್’ ಸಂಪಾದಿಸಿ ಪ್ರಕಟಿಸಿದರು. ಮೊಹಿಯುದ್ದೀನ್ ಖಾದ್ರಿ ಜೋರ್ ದಖನಿ ಹಸ್ತಪ್ರತಿಗಳನ್ನು ಸಂಗ್ರಹಿಸಿ ಉಳಿಸಿದರು. ನಮ್ಮ ಬೀದರ್ ಜಿಲ್ಲೆಯ ಚಿಟಗುಪ್ಪದಲ್ಲಿ ಹುಟ್ಟಿ ಕಲಬುರಗಿಯಲ್ಲಿ ಬಾಳಿದ ಸುಲೇಮಾನ್ ಖತೀಬ್ ‘ಕೇವಡೇ ಕಾ ಬನ್’ ಸಂಕಲನದ ಕವಿತೆಗಳಲ್ಲಿ ನಕ್ಕೋ, ಕತೆಗಳ ಮನೆಮಾತನ್ನೇ ಮುಶಾಯಿರಾಗಳ ವೇದಿಕೆಗೆ ತಂದರು. ಜನ ನಗುತ್ತ ನಗುತ್ತ ಕಣ್ಣೊರೆಸಿಕೊಂಡು ಎದ್ದು ಹೋಗುತ್ತಿದ್ದರೆಂದು ಹಿರಿಯರಿಂದ ಕೇಳಿದ್ದೇನೆ. ಕೇಳಿದ್ದೇನೆ, ನೋಡಿಲ್ಲ. 1978ರಲ್ಲಿ ಅವರು ತೀರಿಕೊಂಡಾಗ ನಾನು ಹುಟ್ಟಿರಲಿಲ್ಲ.

ಕಿರುಪದಗಳನ್ನು ಕಳೆಯಂತೆ ಕಾಣುವುದು ನಮ್ಮಲ್ಲಿ ಮಾತ್ರ ಇದ್ದ ದೋಷವಲ್ಲ. ಜರ್ಮನ್ ಭಾಷೆಯಲ್ಲಿ ‘ಯಾ’, ‘ಡಾಖ್’ ಎಂಬಂತಹ ಪದಗಳು ನಮ್ಮ ‘ಅಲ್ಲವೇ’, ‘ತಾನೇ’ಗಳ ಹಾಗೆ ಮಾತಿನ ತುಂಬ ಬರುತ್ತವೆ. ಅಲ್ಲಿಯ ಶೈಲಿ ಪಂಡಿತರೊಬ್ಬರು 1940ರ ದಶಕದಲ್ಲಿ ಇವನ್ನು ಹೇನುಗಳಿಗೆ ಹೋಲಿಸಿದ್ದರು. 1969ರಲ್ಲಿ ಹರಾಲ್ಡ್ ವೈಟ್ ಎಂಬ ವಿದ್ವಾಂಸ ಇವುಗಳ ಬಗ್ಗೆಯೇ ಒಂದು ಪುಸ್ತಕ ಬರೆದ ಮೇಲೆ ದೃಷ್ಟಿ ಬದಲಾಯಿತು, ಈಗ ಅಲ್ಲಿ ಇದೊಂದು ದೊಡ್ಡ ಅಧ್ಯಯನ ಕ್ಷೇತ್ರ.

ಹಾಗೆಂದು ಮಕ್ಕಳಿಗೆ ಶಿಷ್ಟ ಉರ್ದು ಬೇಡ ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆ ಇದೆ, ಕಾಲೇಜಿದೆ, ಹೊರಗಿನ ಜಗತ್ತಿದೆ. ನಾನೂ ಶಿಷ್ಟ ಉರ್ದುವನ್ನೇ ಕಲಿಸುತ್ತೇನೆ. ಈಗ ಬದಲಾಗಿರುವುದು ಇಷ್ಟೇ: ಕಪ್ಪುಹಲಗೆಯ ಮೇಲೆ ಮೂರು ಸಾಲು ಬರೆಯುತ್ತೇನೆ. ಮೊದಲ ಸಾಲಿನಲ್ಲಿ ಮಗು ಮನೆಯಲ್ಲಿ ಆಡಿದ ವಾಕ್ಯ, ಎರಡನೆಯದರಲ್ಲಿ ಅದರ ಕನ್ನಡ, ಮೂರನೆಯದರಲ್ಲಿ ಶಿಷ್ಟ ಉರ್ದು. ಮೊದಲ ಎರಡು ಸಾಲುಗಳು ಪದಕ್ಕೆ ಪದ ಹೊಂದಿಕೊಳ್ಳುವುದನ್ನು ಕಂಡಾಗ ಮಕ್ಕಳ ಮುಖ ನೋಡಬೇಕು. ಕನ್ನಡ ಕಷ್ಟ ಎನ್ನುತ್ತಿದ್ದವರೇ ‘ಟೀಚರ್, ಯೇ ತೋ ಅಪ್ನಾಚ್ ಹೈ’ ಎನ್ನುತ್ತಾರೆ. ಕನ್ನಡದ ‘ಅಂತೆ’, ‘ಅಂತ’, ‘ಓ’ಗಳನ್ನು ಅವರಿಗೆ ಹೊಸದಾಗಿ ಕಲಿಸಬೇಕಾಗಿಯೇ ಇಲ್ಲ.

ಗಾಜಿನ ಘಟನೆಯ ಆ ಹುಡುಗ ಈಗ ಒಂಬತ್ತನೇ ತರಗತಿಯಲ್ಲಿದ್ದಾನೆ. ಮೊನ್ನೆ ವರಾಂಡದಲ್ಲಿ ಸಿಕ್ಕಾಗ ಕೇಳಿದ, ‘ಟೀಚರ್, ಪರೀಕ್ಷೆಯಲ್ಲಿ ಕತೆ ಅಂತ ಬರೀಬಹುದಾ?’

‘ಬರೀಬೇಡ’ ಎಂದೆ, ‘ಅಂಕ ಹೋಗುತ್ತದೆ. ಸುನಾ ಹೈ ಕಿ ಅಂತ ಬರಿ. ಆದರೆ ಅದನ್ನು ಬಿಟ್ಟು ಮಾತ್ರ ಬರೀಬೇಡ.’

‘ಹಂಗಾದ್ರ ಮೂರು ಪದ ಜಾಸ್ತಿ ಆಗ್ತದ ಟೀಚರ್’ ಎಂದು ಲೆಕ್ಕ ಹಾಕುತ್ತ ತರಗತಿಗೆ ಹೋದ.